ಬಾಗಿದ ಕುತ್ತಿಗೆಯ ಅಳತೆ

"ಈ ಮನುಷ್ಯನ ಕುತ್ತಿಗೆ ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ?"

ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಅವಳು ಕೇಳಿದ ಈ ಪ್ರಶ್ನೆಗೆ ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಅಷ್ಟೇ. ಅವಳ ಕೈಯಲ್ಲಿದ್ದ ಮಫ್ಲರಿನ ಒಂದು ತುದಿಯನ್ನು ಸೈಕಲ್ಲಿನ ಚೈನು ಅಗಿದು, ಗ್ರೀಸು ಮೆತ್ತಿ, ಉಗುಳಿತ್ತು. ಗಂಡ ಬಿದ್ದಿರಲಿಲ್ಲ. ಸೇತುವೆಯ ಮೇಲೆ ಯಾರೋ ಹಿಂದಿನಿಂದ ಎಳೆದಂತಾಗಿ ನಿಂತನಂತೆ, ತಿರುಗಿ ನೋಡಿದರೆ ಎಳೆದದ್ದು ತನ್ನದೇ ಮಫ್ಲರಂತೆ. ಅದನ್ನು ಬಿಡಿಸಿಕೊಳ್ಳುವಷ್ಟು ಹೊತ್ತು ಬರಿಗುತ್ತಿಗೆಯಲ್ಲಿ ಗಾಳಿಗೆ ನಿಂತು ಮನೆಗೆ ಬಂದಾಗ ಅವನ ಮಾತು ಗರಗಸದಂತಿತ್ತು.

ಅವಳಿಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. ಅವಳದು ಕಾಲರು ಹೊಲಿಯುವ ಕೆಲಸ. ಶರ್ಟು ತಯಾರಿಸುವ ಕಾರ್ಖಾನೆಯಲ್ಲಿ ಒಬ್ಬರು ತೋಳು, ಒಬ್ಬರು ಜೇಬು, ಒಬ್ಬರು ಗುಂಡಿ. ಅವಳ ಪಾಲಿಗೆ ಬಂದದ್ದು ಕುತ್ತಿಗೆ. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಕಂಠ ನೋಡುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಟೇಪು ಹಿಡಿಯದೆ ಅಳತೆ ಹೇಳುತ್ತಿದ್ದಳು, ತಪ್ಪುತ್ತಿರಲಿಲ್ಲ. ಅಂಥವಳ ಮನೆಯಲ್ಲೇ ಒಂದು ಕುತ್ತಿಗೆ ಚಳಿಗೆ ನಡುಗುತ್ತಿತ್ತು.

ಗಂಡ ಬೀಗದ ಕೆಲಸದವನು. ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಅಂಗಡಿ. ಹಗಲೆಲ್ಲ ಅರದಿಂದ ಕೀಲಿ ಉಜ್ಜುವುದು, ಜಾಮಾದ ಬಾಗಿಲು ತೆರೆಯುವುದು. ಮಾತು ಕಡಿಮೆ. ಆದರೆ ಚಳಿಗಾಲ ಬಂತೆಂದರೆ ಅವನ ಬಾಯಿಗೂ ಕೆಲಸ ಬರುತ್ತಿತ್ತು. ಹೊಳೆಯಾಚೆಯ ಪ್ರಾರ್ಥನಾ ಮಂದಿರದಲ್ಲಿ ದಿನವೂ ಬೆಳಗ್ಗೆ ಒಂದು ದೊಡ್ಡ ಹಳೆಯ ಕಾವ್ಯವನ್ನು ಸ್ವಲ್ಪ ಸ್ವಲ್ಪವಾಗಿ ಹೇಳುತ್ತ ಹೋಗಿ, ಚಳಿ ಮುಗಿಯುವಾಗ ಕಾವ್ಯವೂ ಮುಗಿಯುವಂತೆ ನೋಡಿಕೊಳ್ಳುತ್ತಿದ್ದರು. ಹೇಳುವವನು ಅವನು. ಪುಸ್ತಕ ಎದುರಿಗಿಟ್ಟುಕೊಳ್ಳುವಂತಿಲ್ಲ, ಕಂಠಪಾಠವೇ ಆಗಬೇಕು. ಅವನಿಗಿಂತ ಮೊದಲು ಅವನ ಅಪ್ಪ ಹೇಳುತ್ತಿದ್ದ.

ಅವಳು ಹಿಂದಿನ ಸಾಲಿನಲ್ಲಿ, ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ ಕೂರುತ್ತಿದ್ದಳು. ದೇವರ ಹತ್ತಿರ ಏನನ್ನೂ ಕೇಳಿಕೊಂಡವಳಲ್ಲ. ಪದ್ಯ ಕಿವಿಗೆ ಬಿದ್ದರೆ ಅಂದಿನ ಪೂಜೆ ಸಂದಿತು ಎಂದುಕೊಂಡು ಎದ್ದು ಕೆಲಸಕ್ಕೆ ಹೋಗುತ್ತಿದ್ದಳು.

ಹಿಂದಿನ ಎರಡು ಚಳಿಗಾಲವೂ ನಡುವಿನಲ್ಲೇ ಅವನ ಗಂಟಲು ಕಟ್ಟಿಹೋಗಿತ್ತು. ಈ ಸಲ ಶುರುವಾಗುವ ಮೊದಲೇ ಮಂದಿರದ ಯಜಮಾನರು ಅವನನ್ನು ಪಕ್ಕಕ್ಕೆ ಕರೆದರು. "ಬೇಜಾರು ಮಾಡ್ಕೋಬೇಡಪ್ಪ. ಯಾರೋ ಪುಣ್ಯಾತ್ಮರು ಇಡೀ ಕಾವ್ಯ ರೆಕಾರ್ಡ್ ಮಾಡಿ ಕೊಟ್ಟಿದ್ದಾರೆ. ಈ ಸಲವೂ ನಡುವೆ ನಿಂತ್ರೆ ಅದನ್ನೇ ಹಾಕಿಬಿಡೋಣ. ಮುಂದಕ್ಕೂ ಅದೇ ಇರಲಿ. ಅದಕ್ಕಾದ್ರೆ ಶೀತ ಆಗಲ್ಲ ನೋಡು" ಎಂದು ಬೆನ್ನು ತಟ್ಟಿದ್ದರು. ಬೆನ್ನು ತಟ್ಟಿದ್ದು ಅವನಿಗೆ ಬಹಳ ದಿನ ನೆನಪಿತ್ತು.

ಮಫ್ಲರು ಹೋದ ಮೇಲೆ ಅವಳು ಉಣ್ಣೆಯ ಪಟ್ಟಿಯೊಂದನ್ನು ಹೊಲಿದಳು. ಜೋಲುವ ತುದಿಯಿಲ್ಲ, ತಲೆಯ ಮೇಲಿಂದ ತೂರಿಸಿದರೆ ಬಳೆಯಂತೆ ಕೂರುವುದು. ಅವನನ್ನು ಊಟದ ಕುರ್ಚಿಯಲ್ಲಿ ಕೂರಿಸಿ ಅಳತೆ ನೋಡಿದಳು. ಅಚ್ಚಿಗೆ ಹೊಯ್ದಂತೆ ಕೂತಿತು. ಮರುದಿನ ಅವನು ಕತ್ತು ಓರೆ ಮಾಡಿಕೊಂಡು ಬಂದ.

"ಎಲ್ಲಿಂದ ನುಗ್ಗುತ್ತೆ ಗಾಳಿ?"

"ಹಿಂದಿನಿಂದ."

"ಹಿಂದೆ ಸಂದೇ ಇಲ್ಲವಲ್ಲ. ನೀವು ಹಾಕ್ಕೊಳ್ಳೋದ್ರಲ್ಲೇ ಏನೋ ತಪ್ಪಿದೆ."

"ಕುತ್ತಿಗೆಗೆ ಹಾಕ್ಕೊಳ್ಳೋದರಲ್ಲಿ ಎಷ್ಟು ಬಗೆ ಇರುತ್ತೆ, ಮಾರಾಯ್ತಿ?"

ಅವಳು ಬಿಚ್ಚಿ ಮತ್ತೆ ಬಿಗಿಯಾಗಿ ಹೊಲಿದಳು. ಅವನು ತೊಟ್ಟು, ಕಣ್ಣು ಅಗಲ ಮಾಡಿ, "ಚಳಿಗೆ ಹೊಲಿದಿಯೋ, ನನ್ನ ಮುಗಿಸೋಕೆ ಹೊಲಿದಿಯೋ?" ಎಂದ. ಆದರೂ ತೊಟ್ಟುಕೊಂಡೇ ಹೋದ, ಹಿಂದಿನ ಗಾಳಿ ಹಾಗೇ ನುಗ್ಗಿತು.

ಕಾರ್ಖಾನೆಯಲ್ಲಿ ಪಕ್ಕದ ಮೆಷಿನ್ನಿನವಳನ್ನು ಎಲ್ಲರೂ ಗುಂಡಿಯಕ್ಕ ಎನ್ನುತ್ತಿದ್ದರು. ಗುಂಡಿ ಹೊಲಿಯುವ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಇವಳು ಕಷ್ಟ ಹೇಳಿಕೊಂಡಾಗ ಗುಂಡಿಯಕ್ಕ ದಾರ ಕಚ್ಚಿ ತುಂಡರಿಸಿ, "ಅಲ್ಲ ಕಣೇ, ನಿನ್ನ ಗಂಡ ಸೈಕಲ್ ಹೊಡೀತಾನೋ, ಫೋಟೋಗೆ ಕೂರ್ತಾನೋ?" ಎಂದಳು.

ಸುತ್ತಲಿನವರು ನಕ್ಕರು. ಇವಳ ಕೈ ಮೆಷಿನ್ನಿನ ಮೇಲೆ ಹಾಗೇ ನಿಂತಿತು. ಇಷ್ಟು ವರ್ಷ ಹೊಲಿದ ಕಾಲರುಗಳೆಲ್ಲ ನೆಟ್ಟಗೆ ಕೂತವರವು, ನೆಟ್ಟಗೆ ನಿಂತವರವು. ಕಾಲರೆಂದರೆ ಮುಂದೆ ಚಂದ ಕಾಣಬೇಕು. ಹಿಂದಿನದನ್ನು ಯಾರು ನೋಡುತ್ತಾರೆ? ಬಾಗಿದ ಕುತ್ತಿಗೆಯೊಂದನ್ನು ಅವಳು ಎಂದೂ ಅಳೆದಿರಲಿಲ್ಲ.

ಆ ಸಂಜೆ ಸೈಕಲ್ಲು ನಡುಮನೆಗೆ ಬಂತು. ಸ್ಟ್ಯಾಂಡು ಹಾಕಿ, ಅವನನ್ನು ಹತ್ತಿಸಿ, ಟೋಪಿ ಹಾಕಿಸಿ, "ಸೇತುವೆ ಹತ್ತೋ ಹಾಗೆ ಬಾಗಿ" ಎಂದಳು. ಅವನು ಬಾಗಿದ. ಟೋಪಿ ಮೇಲಕ್ಕೆ ಸರಿಯಿತು, ಅಂಗಿ ಬೆನ್ನಿನತ್ತ ಇಳಿಯಿತು, ನಡುವೆ ನಾಲ್ಕು ಬೆರಳಿನಷ್ಟು ಹಿಂಗತ್ತು ಬತ್ತಲೆಯಾಗಿ ಹೊರಬಿತ್ತು. ಕುರ್ಚಿಯಲ್ಲಿ ಇಲ್ಲದ ಕತ್ತು ಸೈಕಲ್ಲಿನ ಮೇಲೆ ಇತ್ತು.

ಅದೇ ಹೊತ್ತಿಗೆ ಪಂಪು ವಾಪಸು ಕೇಳಲು ಬಂದ ಎದುರುಮನೆಯ ಸೈಕಲ್ ರಿಪೇರಿಯವನು ಬಾಗಿಲಲ್ಲೇ ನಿಂತ. "ಏನಣ್ಣ, ಮನೆಯೊಳಗೇ ಊರು ಸುತ್ತುತಾ ಇದ್ದೀಯ?"

"ಸುಮ್ಮನಿರೋ, ಅಳತೆ ತಗೋತಿದ್ದಾಳೆ."

"ಹೆಂಡತಿ ಅಳತೆ ತಗೊಂಡ್ಲು, ಸರಿ. ಈ ಸೈಕಲ್ಲಿನ ರೋಗ ಏನು ಅಂತ ನನಗಿನ್ನೂ ಸಿಕ್ಕಿಲ್ಲ ನೋಡು. ಪೆಡಲ್ಲು ಬದಲಾಯಿಸಿದೆ, ಬೇರಿಂಗು ಬದಲಾಯಿಸಿದೆ. ನಾನು ಹೊಡೆದ್ರೆ ನೆಟ್ಟಗೆ ಹೋಗುತ್ತೆ, ನೀನು ಹತ್ತಿದ್ರೆ ಕುಂಟುತ್ತೆ. ದೂರದಿಂದಲೇ ಹೇಳ್ತೀನಿ, ಅಗೋ ಅಣ್ಣ ಬಂದ ಅಂತ."

"ಅದರ ಹಣೆಬರಹ" ಎಂದ ಗಂಡ, ಬಾಗಿದ ತಲೆ ಎತ್ತದೆ.

ಹೊಸ ಪಟ್ಟಿ ಕಾಲರಿನಂತಿರಲಿಲ್ಲ. ಮುಂದೆ ಗಿಡ್ಡ, ಹಿಂದೆ ಎತ್ತರ. ಹಿಂದಿನ ಭಾಗ ಟೋಪಿಯೊಳಗೆ ಹೋಗುತ್ತಿತ್ತು, ಕೆಳಗೆ ನಾಲಗೆಯಂಥದೊಂದು ತುಂಡು ಅಂಗಿಯೊಳಗೆ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಬೇಕಾದರೆ ಮುಂಭಾಗವನ್ನು ಮೂಗಿನವರೆಗೂ ಎಳೆದುಕೊಳ್ಳಬಹುದು. ನೋಡಲು ಏನೇನೂ ಚಂದವಿರಲಿಲ್ಲ. ಅವನು ಮೂಗು ಮುಚ್ಚಿಕೊಂಡು ಹೊರಟ, ಬೆಚ್ಚಗೆ ಹೋದ, ಬೆಚ್ಚಗೆ ಬಂದ. ಗಂಟಲು ಗಂಟೆಯಂತಾಯಿತು.

ಆದರೆ ಒಂದು ಬೆಳಗ್ಗೆ ಮಂದಿರದಲ್ಲಿ ಅವನು ಪದ್ಯದ ನಡುವೆ ನಿಂತುಬಿಟ್ಟ.

ದನಿ ನಿಂತದ್ದಲ್ಲ, ಪದ್ಯ ನಿಂತದ್ದು. ಬಾಯಿ ತೆರೆದೇ ಇತ್ತು. ಮುಂದಿನ ಸಾಲಿನವರು ತಲೆಯೆತ್ತಿದರು. ಯಾರೋ ಶಾಲು ಸರಿಪಡಿಸಿಕೊಂಡ ಸದ್ದು ಕೇಳಿಸಿತು. ಅವನು ಕೆಮ್ಮಿದ, ಬಾರದ ಕೆಮ್ಮನ್ನು ಎಳೆದು ಎಳೆದು ಕೆಮ್ಮಿ, ಮೂರು ಪದ್ಯ ಹಾರಿಸಿ, ನೆನಪಿದ್ದ ಕಡೆಯಿಂದ ಹಿಡಿದು ಹೇಗೋ ಮುಗಿಸಿದ. ಯಜಮಾನರು ಗೋಡೆಯ ಮೇಲಿನ ಸ್ಪೀಕರನ್ನು ಒಮ್ಮೆ ನೋಡಿದರು. ಕಂಬಕ್ಕೊರಗಿದ್ದವಳು ಕಣ್ಣು ತೆರೆದಿದ್ದಳು. ತನ್ನ ತುಟಿ ಅಲುಗುತ್ತಿದ್ದದ್ದು ಅವಳಿಗೆ ಆಗ ಗೊತ್ತಾಯಿತು.

ಸಂಜೆ ಅವಳು ತರಕಾರಿ ಹೆಚ್ಚುತ್ತಿರುವಾಗ ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. "ಗಂಟಲಿದೆ, ಪದ್ಯ ಇಲ್ಲ" ಎಂದ.

"ಅಂದ್ರೆ?"

ಅವನು ಮೊದಲಿನಿಂದ ಹೇಳಿದ. ಅಪ್ಪ ಅವನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋಗುತ್ತ ಪದ್ಯ ಕಲಿಸಿದ್ದ. ಬಲಗಾಲು ಒತ್ತಿದಾಗ ಮೂರು ಮಾತ್ರೆ, ಎಡಗಾಲಿಗೆ ನಾಲ್ಕು. ಅಂದಿನಿಂದ ಇಂದಿನವರೆಗೂ ಅಂದಂದಿನ ಭಾಗವನ್ನು ಅವನು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಂಡೇ ಹೋಗುತ್ತಿದ್ದ. ಪದ್ಯ ಇದ್ದದ್ದು ತಲೆಯಲ್ಲಲ್ಲ, ಕಾಲಿನಲ್ಲಿ. ಈಗ ಬಾಯಿಗೆ ಉಣ್ಣೆ ಬಂದಿತ್ತು. ಹೇಳಹೋದರೆ ಪಟ್ಟಿ ಒದ್ದೆಯಾಗಿ ಮೂಗಿಗೆ ಅಂಟುತ್ತದೆ; ಕೆಳಗೆ ಎಳೆದುಕೊಂಡರೆ ಗಂಟಲು ಹೋಗುತ್ತದೆ. "ಬಾಯಿ ಮುಚ್ಚಿದ್ರೆ ಕಾಲು ಸುಮ್ಮನೆ ತಿರುಗುತ್ತೆ ಕಣೆ. ಬರೀ ಕಾಲು."

ಸೈಕಲ್ಲು ಯಾಕೆ ಕುಂಟುತ್ತಿತ್ತೆಂದು ಅವಳಿಗೆ ತಿಳಿಯಿತು. ಅವಳು ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಬೆಳಗ್ಗೆ ಅವನು ನಿಂತ ಕಡೆಯಿಂದ ಮೆಲ್ಲಗೆ ಹೇಳಿದಳು:

"ಕಡಲ ನೀರಿಗೆ ಕದವನಿಕ್ಕಿದ
ಒಡೆಯ ನನ್ನೀ ಎದೆಯ ಬಾಗಿಲ
ತಡೆಯ ತೆಗೆಯೈ..."

ಹಾರಿಸಿದ ಮೂರು ಪದ್ಯಗಳೂ ಬಂದವು. ಚಾಕು ಹಲಗೆಯ ಮೇಲೆ ಮೂರು ಸಲ, ನಾಲ್ಕು ಸಲ ಬೀಳುತ್ತಿತ್ತು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ನಿನಗೆ ಬರುತ್ತಾ ಇದು?"

"ಕೇಳಿದ್ದೀನಲ್ಲ."

"ಎಲ್ಲಾನೂ?"

"ನೀವು ಹೇಳಿದಷ್ಟು."

ಮರುದಿನ ಬೆಳಗ್ಗೆ ಕ್ಯಾರಿಯರಿನ ಮೇಲಿದ್ದ ಬೀಗದ ಸಾಮಾನಿನ ಪೆಟ್ಟಿಗೆ ಇಳಿದು ಹ್ಯಾಂಡಲ್ಲಿಗೆ ತೂಗಿಕೊಂಡಿತು. ಅವಳು ದಿಂಬೊಂದನ್ನು ಮಡಚಿಟ್ಟು ಅಲ್ಲಿ ಕೂತಳು. ಮಿಕ್ಕ ಉಣ್ಣೆಯಲ್ಲಿ ತನಗೂ ಒಂದು ಪಟ್ಟಿ ಹೊಲಿದುಕೊಂಡಿದ್ದಳು, ಆದರೆ ಅದನ್ನು ಗಲ್ಲದ ಕೆಳಗೇ ಇಟ್ಟುಕೊಂಡಳು. ಬಾಯಿ ತೆರೆದಿರಬೇಕಲ್ಲ. ಅವನ ಬೆನ್ನಿಗೆ ಮುಖ ಮಾಡಿ ಹೇಳತೊಡಗಿದಳು.

ಮೊದಲು ಹೊಂದಲಿಲ್ಲ. ಅವಳು ಸಾಲಿನ ಕೊನೆಗೆ ಉಸಿರು ತೆಗೆದುಕೊಳ್ಳುತ್ತಿದ್ದಳು, ಅವನ ಕಾಲು ಮುಂದಿನ ಸಾಲಿಗೆ ಹೋಗಿಬಿಡುತ್ತಿತ್ತು. ಸೇತುವೆಯ ಏರಿನಲ್ಲಿ ಅವನ ವೇಗ ತಗ್ಗಿದಾಗ ಎರಡೂ ಕೂಡಿಕೊಂಡವು. ಮೂರು, ನಾಲ್ಕು, ಮೂರು, ನಾಲ್ಕು. ಕ್ಯಾರಿಯರು ಅವಳನ್ನು ಅತ್ತ ಸ್ವಲ್ಪ, ಇತ್ತ ಇನ್ನೂ ಸ್ವಲ್ಪ ತೂಗಿತು. ಇಷ್ಟು ವರ್ಷ ಕಿವಿಯಿಂದ ಕೇಳಿದ್ದ ಪದ್ಯ ಅಂದು ಅವಳ ಸೊಂಟಕ್ಕೂ ಬೆನ್ನಿಗೂ ತಿಳಿಯಿತು. ಮಂದಿರದಲ್ಲಿ ಅವನು ಎಲ್ಲೂ ತಡವರಿಸಲಿಲ್ಲ. ಅವಳು ಎಂದಿನಂತೆ ಕಂಬಕ್ಕೊರಗಿ ಕೂತಿದ್ದಳು.

ಹೀಗೇ ಚಳಿಗಾಲ ಸಾಗಿತು. "ಈ ಸಲ ಗಂಟಲು ಗಟ್ಟಿಯಪ್ಪ, ಕೊನೆ ದಿನದವರೆಗೂ ಹೀಗೇ ಎಳೆದುಬಿಡು" ಎಂದರು ಯಜಮಾನರು. ರೆಕಾರ್ಡಿನ ಮಾತನ್ನು ಬಿಟ್ಟಿರಲೂ ಇಲ್ಲ, ಎತ್ತಲೂ ಇಲ್ಲ. ದಾರಿಯಲ್ಲಿ ಹಾಲಿನವನು, ಕಸ ಗುಡಿಸುವವಳು ಈ ಕುಂಟು ಸೈಕಲ್ಲಿಗೆ ಕಿವಿಗೊಟ್ಟು ನಿಲ್ಲುತ್ತಿದ್ದರು. ಸೈಕಲ್ ರಿಪೇರಿಯವನು ಮಾತ್ರ, "ಅತ್ತಿಗೇನ ಕೂರಿಸಿದ್ಮೇಲೆ ಇನ್ನೂ ಜೋರಾಗಿ ಕುಂಟುತ್ತಿದೆ" ಎಂದು ತಲೆ ಕೆರೆದುಕೊಂಡ.

ಕೊನೆಕೊನೆಗೆ ಕಾರ್ಖಾನೆಯಲ್ಲಿ ಅವಳು ನೀರು ಕೇಳಿದಾಗ ಗುಂಡಿಯಕ್ಕ ತಿರುಗಿ ನೋಡಿದಳು. "ಇದೇನೇ ದನಿ? ಗಂಡನ ಗಂಟಲು ನೀನು ತಗೊಂಡು, ನಿನ್ನದು ಅವನಿಗೆ ಕೊಟ್ಯಾ?"

ಪಟ್ಟಿ ಕುತ್ತಿಗೆಯನ್ನು ಹೊರಗಿನಿಂದ ಕಾಯುತ್ತಿತ್ತು. ತೆರೆದ ಬಾಯಿಯಿಂದ ಒಳಗೆ ಹೋಗುವ ಗಾಳಿಗೆ ಹೊಲಿಗೆಯಲ್ಲಿ ಉಪಾಯವಿರಲಿಲ್ಲ. ಅವಳು ಬಿಸಿನೀರು ಕುಡಿದಳು. ಮನೆಯಲ್ಲಿ ಮಾತು ಕಡಿಮೆ ಮಾಡಿದಳು. ಮೊದಲೂ ಅಷ್ಟೇನೂ ಇರಲಿಲ್ಲವಾಗಿ ಅವನಿಗೆ ತಿಳಿಯಲಿಕ್ಕಿಲ್ಲ ಎಂದುಕೊಂಡಳು. ಅವನು ಬೀಗದವನು, ಒಳಗಿನ ಚೂರು ಸವೆದರೆ ಸದ್ದಿನಲ್ಲೇ ಗುರುತಿಸುವವನು.

ಕಾವ್ಯ ಮುಗಿಯುವ ದಿನ ಬಂತು. ಕೊನೆಯ ಭಾಗ ಎಲ್ಲಕ್ಕಿಂತ ಉದ್ದ. ಮನೆಯ ಮುಂದೆ ಮಂಜು ಬಿದ್ದು ಸೀಟು ಒದ್ದೆಯಾಗಿತ್ತು. ಅವನು ಅದನ್ನು ಒರೆಸಿದ, ಕ್ಯಾರಿಯರಿನ ಮೇಲೆ ದಿಂಬು ಇಟ್ಟ. ಆಮೇಲೆ ತನ್ನ ಪಟ್ಟಿಯನ್ನು ಮೂಗಿನಿಂದ ಗಲ್ಲದ ಕೆಳಕ್ಕೆ ಎಳೆದು ಅವಳ ಕಡೆ ತಿರುಗಿದ.

"ಇವತ್ತು ನೀನು ಹೇಳಬೇಡ. ಪಟ್ಟಿ ಮೇಲಕ್ಕೆಳ್ಕೊಂಡು ಬಾಯಿ ಮುಚ್ಕೊಂಡು ಕೂತ್ಕೋ. ನಾನೇ ಹೇಳ್ಕೋತೀನಿ."

ಅವಳು ದಿಂಬನ್ನು ತಟ್ಟಿ ಸರಿಮಾಡಿದಳು.

"ಒಂದೇ ದಿನ ತಾನೇ? ನನ್ನ ಗಂಟಲು ಹೋದ್ರೆ ಹೋಗಲಿ. ನಿಂದು ಹರಿದೇ ಹೋಗಿದೆ. ನನಗೆ ಕೇಳಿಸಲ್ಲ ಅಂದ್ಕೊಂಡ್ಯಾ? ನಾನು ಕೇಳ್ಕೋತಿದ್ದೀನಿ, ಇವತ್ತೊಂದು ದಿನ ಸುಮ್ಮನಿರು."

ಹಾಗೆ ಕೇಳಿಕೊಳ್ಳುವುದು ಅವನ ರೂಢಿಯಲ್ಲ. ಸೇತುವೆಯ ಮೇಲಿನ ಗಾಳಿಯನ್ನು ಅವಳು ನೆನೆದಳು, ಗೋಡೆಯ ಮೇಲಿನ ಸ್ಪೀಕರನ್ನೂ. ಅವೆರಡೂ ಇಲ್ಲದಿದ್ದರೂ ಅವಳ ಉತ್ತರ ಬೇರೆಯಾಗುತ್ತಿರಲಿಲ್ಲ. ಮಂದಿರದೊಳಗೆ ಪದ್ಯ ಅವನದು. ಅಲ್ಲಿಗೆ ಹೋಗುವ ದಾರಿಯಲ್ಲಿ, ಈ ಕಬ್ಬಿಣದ ಕ್ಯಾರಿಯರಿನ ಮೇಲೆ, ಅದು ಅವಳದಾಗಿತ್ತು. ಉಳಿದಿದ್ದದ್ದು ಒಂದೇ ಭಾಗ.

ಅವಳು ಕೈ ಚಾಚಿ ಅವನ ಪಟ್ಟಿಯನ್ನು ಹಿಡಿದು ಮೂಗಿನ ಮೇಲಿನವರೆಗೂ ಎಳೆದಳು, ಹಿಂದಿನ ಅಂಚನ್ನು ಟೋಪಿಯೊಳಗೆ ತೂರಿಸಿದಳು. ಆಮೇಲೆ ಗರಗಸದಂಥ ತನ್ನ ದನಿಯಲ್ಲಿ ಹೇಳಿದಳು:

"ಆಗಲ್ಲ. ಸ್ಟ್ಯಾಂಡು ತೆಗೀರಿ."