ಯೋಗೋ

ಸೂಪಾದಲ್ಲಿ ಆಣೆಕಟ್ಟು ಏಳುತ್ತಿದ್ದ ವರ್ಷಗಳವು. ದಾಂಡೇಲಿಯ ಬಸ್ ಸ್ಟ್ಯಾಂಡಿನ ಮುಂದಿನ ರಸ್ತೆಯಲ್ಲಿ ಮನುಷ್ಯರಿಗಿಂತ ದನಗಳಿಗೇ ಹೆಚ್ಚು ಮರ್ಯಾದೆ ಇತ್ತು. ಗೂಳಿ ನಡುರಸ್ತೆಯಲ್ಲಿ ಮೆಲುಕು ಹಾಕುತ್ತ ಮಲಗಿದರೆ ಪೇಪರ್ ಮಿಲ್ಲಿಗೆ ಬಿದಿರು ಹೊತ್ತ ಲಾರಿಗಳು ಅದನ್ನು ಬಳಸಿಕೊಂಡು ಹೋಗಬೇಕು. ತರಕಾರಿಯವರ ಸಾಲಿನಲ್ಲಿ ಆಡುಗಳು, ಕಸಾಯಿ ಅಂಗಡಿಯ ಮುಂದೆ ನಾಯಿಗಳು, ಗಟಾರಿನಲ್ಲಿ ಹಂದಿಗಳು. ಎಲ್ಲಕ್ಕೂ ಅದರದರ ಜಾಗ ಇತ್ತು. ಇಷ್ಟು ಗದ್ದಲದಲ್ಲಿ ಇನಾಸ ಮಾತ್ರ ಎಲ್ಲಿಯೂ ಸಲ್ಲದವನ ಹಾಗೆ ಗೋಡೆ ಪಕ್ಕದಲ್ಲೇ ನಡೆಯುತ್ತಿದ್ದ.

ಇನಾಸ ಜೋಯಿಡಾ ಕಡೆಯ ಸಿದ್ದಿ ಜನಾಂಗದವನು. ಕುಂಬಾರವಾಡದಲ್ಲಿ ಬಸ್ಸಿಳಿದು ಕಾಡಿನೊಳಗೆ ನಡೆದು ಹೋಗಬೇಕಾದ ಹಳ್ಳಿ ಅವನದು. ಹೆಂಡತಿ ಕಾತರಿನಾ ಜ್ವರದಲ್ಲಿ ತೀರಿಕೊಂಡ ಮೇಲೆ ದಾಂಡೇಲಿಗೆ ಬಂದು ಲಾರಿಯಿಂದ ಬಿದಿರು ಇಳಿಸುವ ಹಮಾಲನಾದ. ಅವನ ಮಾತು ಕೊಂಕಣಿ. ಪೇಟೆಯಲ್ಲಿ ಕೊಂಕಣಿ ಆಡುವವರಿಗೇನೂ ಬರವಿರಲಿಲ್ಲ. ಆದರೆ ಇವನ ಗುಂಗುರು ಕೂದಲು ನೋಡಿದ್ದೇ ತಡ, ಆ ದೊಡ್ಡ ಮನುಷ್ಯರು ಇವನ ಕೊಂಕಣಿಗೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು. ಕೊನೆಗೆ ಇನಾಸ ತನ್ನ ಕೊಂಕಣಿಯನ್ನು ಒಂದು ಬೀದಿನಾಯಿಗೆ ಮೀಸಲಿಟ್ಟ.

ಅದು ಕೆಂದು ಬಣ್ಣದ ಹೆಣ್ಣುನಾಯಿ. ಸಂಜೆ ಕೆಲಸ ಬಿಟ್ಟು ಬಂದು ಮಾಲವ್ವನ ಚಹಾದಂಗಡಿಯ ಬೆಂಚಿನಲ್ಲಿ ಕೂತು ಇನಾಸ "ಯೋ ಗೋ" ಎಂದರೆ ಎಲ್ಲಿದ್ದರೂ ಓಡಿ ಬರುತ್ತಿತ್ತು. ಯೋ ಗೋ ಅಂದರೆ ಅವನ ಮಾತಿನಲ್ಲಿ ಬಾರೇ ಎಂದು, ಅಷ್ಟೇ. ನಾಯಿಗೆ ಅವನು ಹೆಸರನ್ನೇ ಇಟ್ಟಿರಲಿಲ್ಲ. ತನ್ನ ಮಾತಿನಲ್ಲಿ ಅವನು ಕರೆಯುವ ಜೀವ ಇಡೀ ಊರಿನಲ್ಲಿ ಅದೊಂದೇ. ಹೆಸರು ಯಾಕೆ ಬೇಕಿತ್ತು?

ಮಾಲವ್ವ, ಪಕ್ಕದ ಪಾನ್ ಅಂಗಡಿಯ ಶಂಕ್ರಪ್ಪ, ಇವರೆಲ್ಲ ಧಾರವಾಡ ಸೀಮೆಯವರು. ಅವರ ಕಿವಿಗೆ ಅದು ಯೋಗೋ ಎಂದು ಬಿತ್ತು. ನಾಯಿಯ ಹೆಸರೆಂದೇ ತಿಳಿದರು. ಯೋಗೋ, ಆಚೆ ನಡಿ ಎಂದು ಶಂಕ್ರಪ್ಪ ಗದರಿಸಿದರೆ ನಾಯಿ ಬಾಲ ಅಲ್ಲಾಡಿಸುತ್ತ ನೇರ ಅವನ ಕಾಲ ಬುಡಕ್ಕೇ ಬರುತ್ತಿತ್ತು. ಇಂಥ ಮಾನಗೆಟ್ಟ ನಾಯಿಯನ್ನು ತಾನು ಕಂಡೇ ಇಲ್ಲ ಎಂದು ಅವನು ಬೈಯುತ್ತಿದ್ದ. ಬಾರೇ ಬಾರೇ ಎಂದು ಕರೆದು, ಬಂದರೆ ಒದೆಯಲು ಕಾಲೆತ್ತುವ ಇವರ ರೀತಿ ನಾಯಿಗೆ ಎಂದೂ ಅರ್ಥವಾಗಲಿಲ್ಲ. ಇನಾಸ ಇದನ್ನು ನೋಡಿ ಒಳಗೊಳಗೇ ನಗುತ್ತಿದ್ದ, ತಿದ್ದಲು ಹೋಗಲಿಲ್ಲ. ದಾಂಡೇಲಿಗೆ ಬಂದ ಮೇಲೆ ಅವನಿಗೆ ನಗು ಬರುತ್ತಿದ್ದುದು ಇದೊಂದಕ್ಕೇ.

ಮಾಲವ್ವನ ಬಾಯಿ ಜೋರು. ಗಂಡ ಸಾತಪ್ಪ ಇನ್ನೊಬ್ಬಳನ್ನು ಕಟ್ಟಿಕೊಂಡು ಗೋಕಾಕ ಕಡೆ ಹೋದ ಮೇಲೆ ಆ ಬಾಯಿ ಇನ್ನಷ್ಟು ಜೋರಾಗಿತ್ತು. ಗಿರಾಕಿಗಳು ಚಹಾ ಕುಡಿದು ಬೇಗ ಎದ್ದುಬಿಡುತ್ತಿದ್ದರು. ನಾಯಿ ಮಾತ್ರ ಹಗಲೆಲ್ಲ ಅವಳ ಒಲೆಯ ಪಕ್ಕ ಬಿದ್ದುಕೊಂಡಿರುತ್ತಿತ್ತು. ಮುರಿದ ಬನ್ನುಗಳನ್ನು ಚಹಾದಲ್ಲಿ ಅದ್ದಿ ಹಾಕುವಳು. ಸಂಜೆ ಇನಾಸ ಬಂದಾಗ, ಇವತ್ತು ಯೋಗೋ ಏನು ತಿಂತು, ಯಾವ ಗೂಳಿಗೆ ಬೊಗಳಿ ಯಾವ ಹಂದಿಗೆ ಹೆದರಿತು ಎಂದು ಎಲ್ಲ ಹೇಳುವಳು. ಅವನು ತನ್ನ ಹರಕುಮುರುಕು ಕನ್ನಡದಲ್ಲಿ ಹೂಂಗುಟ್ಟುವನು. ಇಬ್ಬರಿಗೂ ಮನೆಯ ಮಾತು ಅಂತ ಇದ್ದದ್ದು ಅಷ್ಟೇ.

ಒಂದು ಸಂತೆಯ ದಿನ ಮಧ್ಯಾಹ್ನ ರಸ್ತೆ ಜನರಿಂದ ಗಿಜಿಗುಡುತ್ತಿತ್ತು. ನಾಯಿ ಆಚೆ ಬದಿಯ ಕಸಾಯಿ ಅಂಗಡಿಯ ಮುಂದಿತ್ತು. ಬಿದಿರಿನ ಲಾರಿಯೊಂದು ಇಳಿಜಾರಿನಲ್ಲಿ ರಭಸದಿಂದ ಬರುತ್ತಿದ್ದಾಗ ಅದು ರಸ್ತೆಯ ಅಂಚಿಗೆ ಬಂದು ನಿಂತಿತು. ಎಲ್ಲಿ ದಾಟಿಬಿಡುತ್ತದೋ ಎಂದು ಮಾಲವ್ವ ಹೆದರಿದಳು. ಕೈಯೆತ್ತಿಕೊಂಡು ಅಂಗಡಿಯಿಂದ ಹೊರಗೆ ಓಡಿ ಬಂದಳು.

"ಯೋಗೋ, ಅಲ್ಲೇ ನಿಲ್ಲು! ಯೋಗೋ!"

ನಿಲ್ಲು ಎನ್ನುವುದು ಅದಕ್ಕೆ ಗೊತ್ತಿಲ್ಲದ ಮಾತು. ಬಾರೇ ಎಂದದ್ದು ತಿಳಿಯಿತು. ಬಾಲ ಅಲ್ಲಾಡಿಸುತ್ತ ಅವಳ ಕಡೆಗೆ ಓಡಿ ಬಂತು.

ಇನಾಸ ಬರುವಷ್ಟರಲ್ಲಿ ನಾಯಿಯ ಮೇಲೆ ಗೋಣಿಚೀಲ ಮುಚ್ಚಿ ಅಂಗಡಿಯೊಳಗೆ ಮಲಗಿಸಿದ್ದರು. ಅದು ಯಾವತ್ತು ಯಾರ ಮಾತು ಕೇಳಿತ್ತು ಎಂದು ಶಂಕ್ರಪ್ಪ ಶುರು ಮಾಡಿದ್ದಕ್ಕೆ ಮಾಲವ್ವ ಅವನನ್ನು ಬೈದು ಓಡಿಸಿದಳು. ಇನಾಸನ ಮುಖ ನೋಡಿದಾಗ ಅವಳ ಜೋರೆಲ್ಲ ಇಳಿದುಹೋಯಿತು.

"ಹೆಸರ ಹಿಡದು ಕೂಗಿದ್ನೋ ತಮ್ಮಾ. ನಿಲ್ಲು ಅಂತ ಕೂಗಿದೆ. ಮತ್ಯಾಕ ಬಂತು ಅದು?"

ಇನಾಸನಿಗೆ ಎಲ್ಲ ಅರ್ಥವಾಯಿತು. ಮೈಯೆಲ್ಲ ಸಿಟ್ಟು ಬಂತು. ಹೇಳಿಬಿಡಬೇಕೆಂದು ಬಾಯಿ ತೆರೆದ. ಅವಳ ಸೆರಗೆಲ್ಲ ರಕ್ತವಾಗಿತ್ತು. ಲಾರಿಯಡಿಯಿಂದ ನಾಯಿಯನ್ನು ಎತ್ತಿಕೊಂಡು ಬಂದವಳು ಅವಳೇ.

"ಅಕಿಗೆ ಕಿವಿ ಮಂದ ಇತ್ರಿ, ಅಕ್ಕಾರ" ಎಂದ.

ಮಾಲವ್ವ ನೆಲಕ್ಕೆ ಕುಸಿದು ಕೂತಳು. ತಮ್ಮ ಊರ ಕಡೆ ಸತ್ತವರ ಮುಂದೆ ಹೆಂಗಸರು ಅಳುವ ಹಾಗೆ, ಹೆಸರು ಹಿಡಿದು ಹಾಡಿಕೊಂಡು ಅಳತೊಡಗಿದಳು. ಯೋಗೋ, ನನ್ನ ಯೋಗೋ, ಯೋಗೋ. ಗಂಡ ಬಿಟ್ಟುಹೋದಾಗಲೂ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಇನಾಸ ಗೋಣಿಚೀಲದ ಅಂಚು ಹಿಡಿದು ತಲೆ ಬಗ್ಗಿಸಿ ಕೂತಿದ್ದ. ಈ ಊರಿನಲ್ಲಿ ಯಾರೂ ಅವನೊಂದಿಗೆ ಆಡದ ಅವನ ಮಾತು ಈಗ ಮಾಲವ್ವನ ಬಾಯಲ್ಲಿ ನಿಲ್ಲದೆ ಬರುತ್ತಿತ್ತು. ಬಾರೇ, ಬಾರೇ, ಬಾರೇ. ಕೇಳಿ ಕೇಳಿ ತಡೆಯಲಾಗದೆ ಅವಳ ಕೈ ಹಿಡಿದುಕೊಂಡ.

"ಸಾಕ್ರಿ ಅಕ್ಕಾರ. ಕರೀಬ್ಯಾಡ್ರಿ. ಇನ್ನ ಬರೂದಿಲ್ರಿ ಅಕಿ."

ಸಮಾಧಾನ ಹೇಳುತ್ತಿದ್ದಾನೆ ಎಂದುಕೊಂಡ ಮಾಲವ್ವ, ಇನ್ನೂ ಜೋರಾಗಿ ಯೋಗೋ ಎಂದು ಅತ್ತಳು.