ಎಡಗಿವಿಯ ಶ್ರುತಿ

ತಂಬೂರಿ ಇಳಿದಿದೆ, ಇಲ್ಲ, ಎಡಗಡೆಯದು ಮಾತ್ರ ಇಳಿದಿದೆ, ಬಲಗಡೆಯದು ನೆಟ್ಟಗಿದೆ, ಆದರೆ ವೇದಿಕೆಯ ಮೇಲಿರುವುದು ಒಂದೇ ತಂಬೂರಿ ಎಂದು ಕೈಲಾಸನಿಗೆ ಗೊತ್ತು — ಎರಡಾಗಿರುವುದು ಅವನ ತಲೆಯೊಳಗೆ, ಎಡಗಿವಿಯ ನರ ಸೊರಗಿದೆ ಸಾರ್, ಒಂದೇ ಸ್ವರ ಎರಡು ಕಿವಿಗೂ ಬೇರೆ ಬೇರೆ ಕೇಳ್ಸುತ್ತೆ, ಸದ್ಯಕ್ಕೆ ಮಾತ್ರೆ ಅಂತ ಏನೂ ಇಲ್ಲ, ಎಂದಿದ್ದರು ಜಯನಗರದ ಡಾಕ್ಟರಮ್ಮ ಹೋದ ತಿಂಗಳು, ಅದನ್ನು ಅವನು ಹೆಂಡತಿ ಉಮಾಮಹೇಶ್ವರಿಗೂ ಹೇಳಲಿಲ್ಲ, ಹೇಳಿದ್ದರೆ ಮಗಳಿಗೆ ಮುಟ್ಟುತ್ತಿತ್ತು, ಮಗಳು ಮೇಘಶ್ರೀ ಈಗ ಜೆ.ಪಿ. ನಗರದ ಈ ಚಪ್ಪರದಲ್ಲಿ ತನ್ನ ಮೊದಲ ಪೂರ್ತಿ ಕಚೇರಿಗೆ ಕೂತಿದ್ದಾಳೆ, ಕಲ್ಯಾಣಿ ರಾಗ ಎತ್ತಿಕೊಂಡಿದ್ದಾಳೆ, ಅವಳ ಕಣ್ಣು ಅವನ ಕೈಯ ಮೇಲಿದೆ. ಮೈಕ್ ಹಾಕಿದ್ರೆ ನನಗೆ ನನ್ನ ದನೀನೇ ಕೇಳಲ್ಲ ಅಪ್ಪ, ನೀವು ಎದುರಿಗೆ ಕೂತ್ಕೊಳ್ಳಿ ಸಾಕು — ಶಾಲೆಯ ಸ್ಪರ್ಧೆಗಳ ಕಾಲದಿಂದ ನಡೆದುಬಂದ ಒಪ್ಪಂದ ಅದು, ಶ್ರುತಿ ಇಳಿದರೆ ಅಪ್ಪ ಕನ್ನಡಕ ಮುಟ್ಟಬೇಕು, ಸರಿಯಿದ್ದರೆ ಕೈ ತೊಡೆಯ ಮೇಲೇ ಇರಬೇಕು. ಹಾಡಲು ಬಾರದವನು ಕೈಲಾಸ, ಅವನಿಗಿದ್ದದ್ದು ಕಿವಿಯೊಂದೇ, ಕಾಲೇಜಿನ ದಿನಗಳಿಂದ ಬನಶಂಕರಿಯಲ್ಲೋ ಜಯನಗರದಲ್ಲೋ ಎಲ್ಲಿ ಚಪ್ಪರ ಎದ್ದರೂ ಹೋಗಿ ಕೂರುತ್ತಿದ್ದ, ಹಾಡು ಮುಗಿದು ಚಪ್ಪಾಳೆ ಬೀಳುವ ಮುಂಚೆ ಒಂದು ಗಳಿಗೆ ಎಲ್ಲರೂ ಉಸಿರು ಹಿಡಿದಿರುತ್ತಾರಲ್ಲ, ಆ ಮೌನಕ್ಕಾಗಿ ಹೋಗುತ್ತಿದ್ದ, ಈಗ ಅದೂ ಇಲ್ಲ, ಎಡಗಡೆ ಯಾವಾಗಲೂ ಒಂದು ಗುಂಯ್, ಮನೆಯಲ್ಲಿ ಕುಕ್ಕರ್ ಕೂಗಿದರೂ ಎರಡು ಕುಕ್ಕರ್.

ಅವಳು ನಿಷಾದದಲ್ಲಿ ನಿಂತಳು, ಇಳಿದಿದೆಯೇ, ಇಳಿದಂತಿದೆ, ಯಾರ ಕಿವಿಗೆ — ಪಕ್ಕದಲ್ಲಿ ಗೌರೀಶಂಕರ, ಕಚೇರಿಗಳಲ್ಲೇ ಸಿಕ್ಕು ಗೆಳೆಯನಾದವನು, ಮೊಣಕೈಯಲ್ಲಿ ತಿವಿದ, ಸಖತ್ತಾಗಿ ಹಾಡ್ತಿದಾಳೆ ಬಿಡಿ, ನೀವ್ಯಾಕೆ ಪೇಪರ್ ತಿದ್ದೋ ಮೇಷ್ಟ್ರ ಥರ ಕೂತಿದೀರ, ಶ್ರುತಿ ಹೇಗಿದೆ ಗೌರಿ, ಎಂದು ಕೇಳಿದ ಕೈಲಾಸ, ನನ್ನ ಕೇಳ್ತೀರಲ್ರೀ, ನಾನು ಬರೋದೇ ಕಚೇರಿ ಮುಗಿದ್ಮೇಲೆ ಕೊಡೋ ಕೋಸಂಬರಿಗೆ ಅಂತ ನೀವೇ ಊರೆಲ್ಲ ಹೇಳ್ಕೊಂಡು ತಿರುಗ್ತೀರ, ಅವನು ನಕ್ಕ, ಹಿಂದಿನ ಸಾಲಿನವರು ಶ್ ಎಂದರು, ಹೊರಗೆ ಬಸ್ಸೊಂದು ಹಾರನ್ ಒತ್ತಿಹಿಡಿಯಿತು, ಹಾರನ್ನೂ ಎರಡು, ಸೆಕೆ, ಬೆವರು ಹುಬ್ಬಿನಿಂದ ಮೂಗಿಗೆ ಇಳಿಯುತ್ತಿತ್ತು, ಕನ್ನಡಕ ಜಾರಿತು, ಕೈ ತಾನಾಗಿ ಮೇಲೆ ಹೋಯಿತು, ಕನ್ನಡಕ ಸರಿಮಾಡಿ ಕೆಳಗಿಳಿಯಿತು, ಅಷ್ಟೇ, ಇಳಿಯುವಾಗಲೇ ಅವನಿಗೆ ಅರಿವಾದದ್ದು, ಅವಳು ಅದನ್ನು ನೋಡಿಬಿಟ್ಟಳು. ಅವಳು ದನಿಯನ್ನು ಒಂದೆಳೆ ಮೇಲೆತ್ತಿದಳು. ಪಿಟೀಲಿನವರು ಬೆಚ್ಚಿದಂತೆ ತಿರುಗಿ ನೋಡಿದರು, ತಮ್ಮ ತಂತಿಯನ್ನೇ ಅನುಮಾನಿಸಿ ಕಿವಿಯನ್ನು ಅದರ ಹತ್ತಿರ ತಂದರು, ಮೃದಂಗದವರ ಹುಬ್ಬು ಗಂಟಿಕ್ಕಿತು, ಅಂದರೆ ಸರಿಯಾಗಿಯೇ ಇತ್ತು, ಇಷ್ಟು ಹೊತ್ತೂ ಸರಿಯಾಗಿಯೇ ಇತ್ತು, ಕೆಡಿಸಿದ್ದು ತಾನು, ಪಿಟೀಲಿನವರು ಮೆಲ್ಲಗೆ ಷಡ್ಜ ಎಳೆದು ತೋರಿಸುತ್ತಿದ್ದಾರೆ, ಇಲ್ಲಿಗೆ ಬಾರಮ್ಮ ಎಂಬಂತೆ, ಅವಳು ಅತ್ತ ನೋಡುವುದಿಲ್ಲ, ಪಿಟೀಲಿಗಿಂತ ಅಪ್ಪನನ್ನು ನಂಬುವ ಹುಡುಗಿ, ಇಳಿ ಮಗಳೇ ಎಂದು ಹೇಳಬೇಕು, ಹೇಗೆ ಹೇಳುವುದು, ಏರಿದರೆ ಏನು ಮಾಡಬೇಕೆಂದು ಇಬ್ಬರೂ ಎಂದೂ ಮಾತಾಡಿಕೊಂಡಿಲ್ಲ, ಅವಳ ಶ್ರುತಿ ಎಂದೂ ಏರಿದ್ದಿಲ್ಲ, ಕೈ ಎತ್ತಿದರೆ ಇನ್ನೂ ಮೇಲೆ ಹೋಗುತ್ತಾಳೆ, ಕೈ ತೊಡೆಯ ಮೇಲಿಟ್ಟರೆ ಇದೇ ಸರಿ ಎಂದುಕೊಳ್ಳುತ್ತಾಳೆ, ತಲೆ ಅಲ್ಲಾಡಿಸಿದರೆ ಮೆಚ್ಚುಗೆ, ಎದ್ದು ಹೋದರೆ — ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು, ಗೌರೀಶಂಕರ ಈಗ ನಗುತ್ತಿಲ್ಲ, ಅವಳು ತಾರಸ್ಥಾಯಿಯ ಷಡ್ಜಕ್ಕೆ ಹೋಗಿ ನಿಂತಳು, ಬಿಡುತ್ತಿಲ್ಲ, ಕತ್ತಿನ ನರ ಉಬ್ಬಿದೆ, ಒಂದು ಗಂಟಲಿನಿಂದ ಎರಡು ಷಡ್ಜ, ಅವನ ಕೈ ತೊಡೆಯಿಂದ ಒಂದಂಗುಲ ಮೇಲೆ, ಎತ್ತಲಾರದೆ, ಇಡಲಾರದೆ, ಅವಳ ಕಣ್ಣು ಅವನ ಕೈಯ ಮೇಲೆ, ರೆಪ್ಪೆ ಬಡಿಯದೆ, ಅವಳ ಕಣ್ಣು, ಅವನ ಕೈಯ ಮೇಲೆ