ಇಪ್ಪತ್ನಾಲ್ಕನೆಯ ಹುಡುಗಿ

ಗುರಿ ಇಪ್ಪತ್ನಾಲ್ಕು. ನಾಲ್ಕನೇ ಇಯತ್ತೆಯ ಮೂವತ್ತು ಮಕ್ಕಳಲ್ಲಿ ಅಷ್ಟು ಮಂದಿಗಾದರೂ ತಡವರಿಸದೆ ಓದಲು ಬರಬೇಕೆಂದು ಜೂನ್‌ನಲ್ಲೇ ಗೋಡೆಗೆ ಚಾರ್ಟ್ ಹಚ್ಚಿದ್ದರು. ಗೀತಾಂಜಲಿ ಟೀಚರು ಎಷ್ಟು ಸಲ ಎಣಿಸಿದರೂ ಇಪ್ಪತ್ಮೂರೇ ಬರುತ್ತಿತ್ತು.

"ಆ ಭಾಗ್ಯಶ್ರೀನ್ನ ಲೆಕ್ಕಕ್ಕ ಹಾಕಿ ಮುಗಸ್ರಲಾ," ಎಂದಿದ್ದರು ಹೆಡ್‌ಮಾಸ್ತರ ಗುರುಬಸವ. "ಮುಂದಿನ ವರ್ಷ ಓದತಾಳ ಬಿಡ್ರಿ. ಒಂದ ಹುಡುಗಿ ಸಲುವಾಗಿ ಸಾಲಿ ಹೆಸರು ಇಲಾಖೆಯ ಕೆಂಪ ಪಟ್ಟ್ಯಾಗ ಬರೂದ ಬ್ಯಾಡ."

ಹಾಕಿದರೆ ಶಾಲೆ ಪಾಸು. ಆದರೆ ಗುರಿ ಮುಟ್ಟದವರಿಗಷ್ಟೇ ಸಂಜೆ ನಡೆಯುವ ಓದಿನ ಕ್ಲಾಸಿನಿಂದ ಭಾಗ್ಯಶ್ರೀ ಹೊರಗೆ. ಗೀತಾಂಜಲಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಪ್ರಗತಿ ಕಾರ್ಡಿನಲ್ಲಿ 'ಓದು: ಗುರಿ ಮುಟ್ಟಿದ್ದಾಳೆ' ಎಂದು ಪೆನ್ನಿನಲ್ಲೇ ಬರೆದಳು.

ಶನಿವಾರ ಪಾಲಕರ ಸಭೆ. ಭಾಗ್ಯಶ್ರೀಯ ತಾಯಿ ಮಾಳವ್ವ ಬೈರಿದೇವರಕೊಪ್ಪದ ಅಪಾರ್ಟ್‌ಮೆಂಟಿನಲ್ಲಿ ಎರಡು ಮನೆಯ ಕಸ ಮುಸುರೆ ಮುಗಿಸಿ, ಕಂಕುಳಲ್ಲಿ ಕೂಸು ಹೊತ್ತು ಬಂದಳು. ಓದು ಬಾರದ ಪಾಲಕರಿಗೆ ಮಕ್ಕಳೇ ಕಾರ್ಡು ಓದಿ ಹೇಳುವುದು ಆ ಶಾಲೆಯ ರೂಢಿ.

"ಓದವಾ," ಎಂದಳು ಮಾಳವ್ವ.

ಭಾಗ್ಯಶ್ರೀ ಕಾರ್ಡನ್ನು ಮುಖದ ಹತ್ತಿರ ಹಿಡಿದು ಒಂದೇ ಉಸಿರಿಗೆ ಓದಿದಳು: "ಭಾಗ್ಯಶ್ರೀ ಭಾಳ ಶಾಣ್ಯಾ ಹುಡುಗಿ ಅದಾಳ. ಯಾರ ಕೂಡಾನೂ ಜಗಳಾ ಮಾಡಂಗಿಲ್ಲ. ಮನ್ಯಾಗ ಕೂಸು ಆಡಸತಾಳ. ಆಕಿಗೆ ಹೊಸಾ ಚಪ್ಪಲ್ ಕೊಡಸ್ರಿ."

ಹಿಂದಿನ ಬೆಂಚಿನಿಂದ ಶಮೀಮಳ ಅಪ್ಪ ಕಮರುದ್ದೀನ ನಕ್ಕ. "ಟೀಚರ, ನಮ್ಮ ಶಮೀಮಂದು ಕಾರ್ಡ ಈಕಿ ಕೈಗೆ ಕೊಡಬ್ಯಾಡ್ರಿ. ನನಗ ಸೈಕಲ್ಲ ಕೊಡಸೂದ ಬೀಳತೈತಿ!"

ಮಾಳವ್ವ ನಗಲಿಲ್ಲ. ಕಾರ್ಡು ಇಸಿದುಕೊಂಡು ಆ ಸಾಲಿನ ಮೇಲೆ ಬೆರಳಾಡಿಸಿದಳು. "ಅಕ್ಷರ ನನಗ ಬರೂದಿಲ್ಲ ಖರೇ. ಆದ್ರ ಇಷ್ಟ ಗಿಡ್ಡ ಸಾಲಿನ್ಯಾಗ ಇಷ್ಟೆಲ್ಲಾ ಹೆಂಗ ಹಿಡಿಸ್ತು? ಏನ್ ಬರದೈತ್ರಿ, ಅಕ್ಕೋರ?"

"ಓದಿನ ಗುರಿ ಮುಟ್ಟ್ಯಾಳ ಅಂತ."

"ಮುಟ್ಟ್ಯಾಳೇನ್ರಿ?"

ಭಾಗ್ಯಶ್ರೀ ನೆಲ ನೋಡುತ್ತಿದ್ದಳು. ಬಾಗಿಲಲ್ಲಿ ಹೆಡ್‌ಮಾಸ್ತರ ಕೆಮ್ಮಿದರು.

"ಇಲ್ಲ," ಎಂದಳು ಗೀತಾಂಜಲಿ. "ನಾ ಸುಳ್ಳ ಬರದೇನಿ."

"ಈಕಿ ಚಪ್ಪಲ್ ಸಲುವಾಗಿ ಸುಳ್ಳ ಹೇಳಿದ್ಲು. ನೀವ್ಯಾಕ್ರಿ?"

ಗೀತಾಂಜಲಿ ಕಾರ್ಡು ತಿರುಗಿ ಇಸಿದುಕೊಂಡಳು. ಬರೆದದ್ದಕ್ಕೆ ಗೆರೆ ಎಳೆದು, ಮೇಲೆ 'ಮುಟ್ಟಿಲ್ಲ' ಎಂದು ಬರೆದಳು.

"ಇಲಾಖೆ ನೋಟೀಸು ನಿಮ್ಮ ಹೆಸರಿಗೇ ಬರತೈತಿ ನೋಡ್ರಿ," ಎಂದರು ಗುರುಬಸವ.

"ಬರ್ಲಿ ಸರ್. ಇಪ್ಪತ್ಮೂರ ಅಂತ ಕಳಸ್ರಿ."

ಆಮೇಲೆ ಮಾಳವ್ವನ ಕಡೆ ತಿರುಗಿದಳು. "ಸೋಮವಾರದಿಂದ ಸಂಜೀಕ ಒಂದ ತಾಸು ಈಕಿ ಇಲ್ಲೇ ಇರಬೇಕು."

"ಆ ಹೊತ್ತಿಗೆ ನಾ ಮತ್ತೊಂದ ಮನಿ ಕೆಲಸಕ್ಕ ಹೋಗಿರತೇನಿ. ಕೂಸಿನ್ನ ಯಾರ್ ನೋಡಬೇಕ್ರಿ?"

"ಅದನ್ನೂ ಕರಕೊಂಡ ಬರ್ಲಿ."

"ಅಳತೈತ್ರಿ ಅದು."

"ಅಳ್ಲಿ."

ಮಾಳವ್ವ ತಿದ್ದಿದ ಸಾಲಿನ ಪಕ್ಕ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡಳು. "ನಡಿ," ಎಂದು ಮಗಳ ಬೆನ್ನಿಗೊಂದು ಗುದ್ದಿದಳು. "ಮದ್ಲ ಓದು. ಚಪ್ಪಲ್ ಆಮ್ಯಾಲ ನೋಡೂಣು."